ವಿಂಬಲ್ಡನ್ ನೋಡೋಣ ಬನ್ನಿ: ಯಾವ ಪಾಯಿಂಟ್ ಬಂದಾಗ ಫೋನ್ ಕೆಳಗಿಡಬೇಕು?

2019ರ ಜುಲೈ 14, ಭಾನುವಾರ. ಲಂಡನ್‌ನಲ್ಲಿ ಒಂದೇ ಹೊತ್ತಿಗೆ ಎರಡು ಫೈನಲ್ ನಡೆಯುತ್ತಿದ್ದವು. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವೆ ಏಕದಿನ ವಿಶ್ವಕಪ್ ಕ್ರಿಕೆಟ್. ವಿಂಬಲ್ಡನ್‌ನಲ್ಲಿ ರೋಜರ್ ಫೆಡರರ್ ಮತ್ತು ನೊವಾಕ್ ಜೊಕೊವಿಚ್. ಭಾರತದಲ್ಲಿ ರಿಮೋಟ್ ಹಿಡಿದು ಕೂತವರ ಬೆರಳಿಗೆ ಬಿಡುವಿರಲಿಲ್ಲ. ಮಧ್ಯರಾತ್ರಿ ಹತ್ತಿರವಾಗುತ್ತಿದ್ದಂತೆ ಅಲ್ಲಿ ಕ್ರಿಕೆಟ್ ಸೂಪರ್ ಓವರ್‌ಗೆ ಹೋಯಿತು, ಇಲ್ಲಿ ಟೆನಿಸ್ ಐದನೇ ಸೆಟ್‌ನ ಟೈಬ್ರೇಕರ್‌ಗೆ ಹೋಯಿತು.

ಕ್ರಿಕೆಟ್‌ನಲ್ಲಿ ಸೂಪರ್ ಓವರ್ ಕೂಡ ಸಮವಾಗಿ, ಬೌಂಡರಿಗಳ ಲೆಕ್ಕದಲ್ಲಿ ಇಂಗ್ಲೆಂಡ್ ಗೆದ್ದಿತು. ಆ ನಿಯಮ ಸರಿಯೇ ಎಂಬ ಜಗಳ ಬಹಳ ದಿನ ನಡೆಯಿತು. ಟೆನಿಸ್‌ನಲ್ಲಿ ಆದದ್ದು ಅದಕ್ಕಿಂತ ವಿಚಿತ್ರ. ನಾಲ್ಕು ಗಂಟೆ 57 ನಿಮಿಷಗಳ ಆ ಪಂದ್ಯದಲ್ಲಿ ಫೆಡರರ್ ಗಳಿಸಿದ್ದು 218 ಪಾಯಿಂಟ್, ಜೊಕೊವಿಚ್ ಗಳಿಸಿದ್ದು 204. ಗೆದ್ದ ಗೇಮ್‌ಗಳ ಲೆಕ್ಕದಲ್ಲೂ ಫೆಡರರ್ 36, ಜೊಕೊವಿಚ್ 32. ಆದರೆ ಕಪ್ ಎತ್ತಿದವರು ಜೊಕೊವಿಚ್. ಇದಕ್ಕೆ ಅಂಥ ಜಗಳವೇನೂ ಆಗಲಿಲ್ಲ. ಟೆನಿಸ್ ಇರುವುದೇ ಹಾಗೆ.

ವರ್ಷಕ್ಕೆ ಎರಡು ವಾರ ಮಾತ್ರ ಟೆನಿಸ್ ನೋಡುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದು: ಇಲ್ಲಿ ಎಲ್ಲ ಪಾಯಿಂಟ್‌ಗಳಿಗೂ ಒಂದೇ ತೂಕ ಇಲ್ಲ. ಆಫೀಸಿನಿಂದ ಬಂದು, ಅಡುಗೆ ಮಾಡುತ್ತ, ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹರಟುತ್ತ ಪಂದ್ಯ ನೋಡುವವರು ಪ್ರತಿ ಪಾಯಿಂಟ್ ನೋಡಲೇಬೇಕಿಲ್ಲ. ಯಾವಾಗ ತಲೆ ಎತ್ತಬೇಕು ಎಂದು ಗೊತ್ತಿದ್ದರೆ ಸಾಕು. ಆ ಲೆಕ್ಕ ಇಲ್ಲಿದೆ.

ಮೊದಲು ಸ್ಕೋರ್ ಓದುವುದು ಕಲಿಯೋಣ

ಟೆನಿಸ್ ಪಂದ್ಯಕ್ಕೆ ನಾಲ್ಕು ಮೆಟ್ಟಿಲು: ಪಾಯಿಂಟ್, ಗೇಮ್, ಸೆಟ್, ಪಂದ್ಯ. ಗೇಮ್‌ನ ಮೊದಲ ಪಾಯಿಂಟ್ ಗೆದ್ದರೆ 15, ಎರಡನೆಯದಕ್ಕೆ 30, ಮೂರನೆಯದಕ್ಕೆ 40, ನಾಲ್ಕನೆಯದಕ್ಕೆ ಗೇಮ್. ಸೊನ್ನೆಯನ್ನು 'ಲವ್' ಎನ್ನುತ್ತಾರೆ. ಇಬ್ಬರೂ 40ಕ್ಕೆ ಬಂದರೆ ಅದು 'ಡ್ಯೂಸ್'. ಅಲ್ಲಿಂದ ಸತತ ಎರಡು ಪಾಯಿಂಟ್ ಗೆದ್ದವರಿಗೆ ಗೇಮ್. ಒಂದು ಗೆದ್ದಾಗ 'ಅಡ್ವಾಂಟೇಜ್', ಅದನ್ನು ಕಳೆದುಕೊಂಡರೆ ಮತ್ತೆ ಡ್ಯೂಸ್.

ಆರು ಗೇಮ್ ಗೆದ್ದವರಿಗೆ ಸೆಟ್, ಆದರೆ ಅಂತರ ಎರಡು ಇರಬೇಕು. 6–4 ಆದರೆ ಸೆಟ್ ಮುಗಿಯಿತು. 6–5 ಆದರೆ ಮುಗಿಯಲಿಲ್ಲ, 7–5 ಆಗಬೇಕು. 6–6 ಆದರೆ ಟೈಬ್ರೇಕರ್. ಮಹಿಳೆಯರ ಸಿಂಗಲ್ಸ್‌ನಲ್ಲಿ ಮೂರರಲ್ಲಿ ಎರಡು ಸೆಟ್, ಗ್ರ್ಯಾನ್‌ಸ್ಲಾಮ್ ಟೂರ್ನಿಗಳ ಪುರುಷರ ಸಿಂಗಲ್ಸ್‌ನಲ್ಲಿ ಐದರಲ್ಲಿ ಮೂರು ಸೆಟ್ ಗೆಲ್ಲಬೇಕು.

ಅಂಪೈರ್ ಯಾವಾಗಲೂ ಸರ್ವ್ ಮಾಡುತ್ತಿರುವವರ ಸ್ಕೋರನ್ನು ಮೊದಲು ಹೇಳುತ್ತಾರೆ. '15–40' ಎಂದು ಕೇಳಿಸಿದರೆ ಸರ್ವ್ ಮಾಡುವವರು ಕಷ್ಟದಲ್ಲಿದ್ದಾರೆ ಎಂದರ್ಥ.

ಈಗ 2019ರ ಆ ಫೈನಲ್‌ನ ಫಲಿತಾಂಶ ಓದಿ: ಜೊಕೊವಿಚ್‌ಗೆ 7–6 (5), 1–6, 7–6 (4), 4–6, 13–12 (3) ಜಯ. ಆವರಣದಲ್ಲಿರುವ ಅಂಕಿ ಟೈಬ್ರೇಕರ್ ಸೋತವರು ಅಲ್ಲಿ ಗಳಿಸಿದ ಪಾಯಿಂಟ್. ಜೊಕೊವಿಚ್ ಗೆದ್ದ ಮೂರೂ ಸೆಟ್ ಟೈಬ್ರೇಕರ್‌ನಲ್ಲೇ ಬಂದಿವೆ ಎಂಬುದು ಈ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ. ಸೋತಾಗ ಅವರು ಎರಡನೇ ಸೆಟ್‌ನಂತೆ 1–6ರಿಂದ ಸೋತರು. ಗೆದ್ದಾಗ ಕೂದಲೆಳೆಯಲ್ಲಿ ಗೆದ್ದರು. ಒಟ್ಟು ಪಾಯಿಂಟ್‌ನಲ್ಲಿ ಹಿಂದಿದ್ದೂ ಪಂದ್ಯ ಗೆದ್ದದ್ದು ಹೀಗೆ. 6–0ಯಿಂದ ಗೆದ್ದರೂ ಒಂದೇ ಸೆಟ್, 7–6ರಿಂದ ಗೆದ್ದರೂ ಒಂದೇ ಸೆಟ್.

'ಬ್ರೇಕ್' ಅರ್ಥವಾದರೆ ಅರ್ಧ ಟೆನಿಸ್ ಅರ್ಥವಾದಂತೆ

ಒಂದು ಗೇಮ್ ಪೂರ್ತಿ ಒಬ್ಬರೇ ಸರ್ವ್ ಮಾಡುತ್ತಾರೆ. ಮುಂದಿನ ಗೇಮ್ ಇನ್ನೊಬ್ಬರದು. ಪ್ರತಿ ಪಾಯಿಂಟ್‌ಗೂ ಸರ್ವ್ ಮಾಡಲು ಎರಡು ಅವಕಾಶ ಇರುತ್ತದೆ. ಮೊದಲನೆಯದು ತಪ್ಪಿದರೆ ಎರಡನೆಯದು, ಅದೂ ತಪ್ಪಿದರೆ 'ಡಬಲ್ ಫಾಲ್ಟ್', ಪಾಯಿಂಟ್ ಎದುರಾಳಿಗೆ. ಹೀಗಾಗಿ ಮೊದಲ ಸರ್ವ್ ಜೋರಾಗಿ, ಎರಡನೆಯದು ಸ್ವಲ್ಪ ಹುಷಾರಾಗಿ ಬರುತ್ತದೆ.

ಹುಲ್ಲಿನ ಅಂಕಣದಲ್ಲಿ ಸರ್ವ್ ಮಾಡುವವರ ಕೈ ಮೇಲು. ಅವರು ಗೇಮ್ ಗೆದ್ದರೆ ಅದು ನಿರೀಕ್ಷಿತ, 'ಸರ್ವ್ ಉಳಿಸಿಕೊಂಡರು' ಎನ್ನುತ್ತೇವೆ. ಎದುರಾಳಿ ಆ ಗೇಮ್ ಕಿತ್ತುಕೊಂಡರೆ ಅದೇ 'ಬ್ರೇಕ್'. ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಸರ್ವ್ ಉಳಿಸಿಕೊಳ್ಳುವುದು ಬೇಕಾದ ರನ್‌ರೇಟ್ ಕಾಯ್ದುಕೊಂಡಂತೆ, ಬ್ರೇಕ್ ಎಂದರೆ ವಿಕೆಟ್ ಬಿದ್ದಂತೆ.

ಹೀಗಾಗಿ 4–3 ಎಂಬ ಸ್ಕೋರ್ ನೋಡಿ ಯಾರು ಮುಂದಿದ್ದಾರೆ ಎಂದು ಹೇಳಲಾಗದು. ಮುಂದಿನ ಗೇಮ್‌ನಲ್ಲಿ ಸರ್ವ್ ಮಾಡಬೇಕಾದವರು ಮೂರು ಗೇಮ್ ಗೆದ್ದವರಾದರೆ ಇಬ್ಬರೂ ಸಮ ಎಂದೇ ತಿಳಿಯಿರಿ, 4–4 ಆಗುವ ಸಾಧ್ಯತೆಯೇ ಹೆಚ್ಚು. ನಾಲ್ಕು ಗೇಮ್ ಗೆದ್ದವರದೇ ಸರ್ವ್ ಆದರೆ ಅವರು ಒಂದು ಬ್ರೇಕ್ ಮುಂದಿದ್ದಾರೆ. ಗ್ರೂಪ್‌ನಲ್ಲಿ ತಡವಾಗಿ ಸೇರಿಕೊಂಡವರು 'ಸ್ಕೋರ್ ಎಷ್ಟು?' ಎಂದು ಕೇಳುವ ಬದಲು 'ಬ್ರೇಕ್ ಆಯ್ತಾ? ಈಗ ಯಾರ ಸರ್ವ್?' ಎಂದು ಕೇಳಿದರೆ ಪಂದ್ಯ ಎಲ್ಲಿದೆ ಎಂಬುದು ಒಂದೇ ಉತ್ತರದಲ್ಲಿ ಗೊತ್ತಾಗುತ್ತದೆ.

ಬ್ರೇಕ್ ಸಿಕ್ಕಿತು ಎಂದರೆ ಗೆಲುವು ಸಿಕ್ಕಿತು ಎಂದಲ್ಲ. 1993ರ ಮಹಿಳೆಯರ ಫೈನಲ್ ನೆನಪಿಸಿಕೊಳ್ಳಿ. ಸ್ಟೆಫಿ ಗ್ರಾಫ್ ವಿರುದ್ಧ ಯಾನಾ ನೊವೊತ್ನಾ ಮೂರನೇ ಸೆಟ್‌ನಲ್ಲಿ 4–1ರಿಂದ ಮುಂದಿದ್ದರು. ತಮ್ಮದೇ ಸರ್ವ್‌ನಲ್ಲಿ 40–30. ಇನ್ನೊಂದು ಪಾಯಿಂಟ್ ಬಂದಿದ್ದರೆ 5–1. ಅಲ್ಲಿ ಡಬಲ್ ಫಾಲ್ಟ್ ಆಯಿತು. ಆ ಗೇಮ್ ಹೋಯಿತು, ಆಮೇಲೆ ಒಂದು ಗೇಮ್ ಕೂಡ ಅವರಿಗೆ ಸಿಗಲಿಲ್ಲ. ಗ್ರಾಫ್ 6–4ರಿಂದ ಸೆಟ್ ಮತ್ತು ಪಂದ್ಯ ಗೆದ್ದರು. ಬಹುಮಾನ ವಿತರಣೆಯಲ್ಲಿ ನೊವೊತ್ನಾ ರಾಜಮನೆತನದ ಡಚೆಸ್ ಆಫ್ ಕೆಂಟ್ ಅವರ ಭುಜಕ್ಕೆ ಒರಗಿ ಅತ್ತ ದೃಶ್ಯ ಇವತ್ತಿಗೂ ಓಡಾಡುತ್ತದೆ. ಐದು ವರ್ಷಗಳ ನಂತರ, 1998ರಲ್ಲಿ ಅವರು ಅದೇ ಅಂಕಣದಲ್ಲಿ ಚಾಂಪಿಯನ್ ಆದರು.

ಫುಟ್‌ಬಾಲ್‌ನಲ್ಲಿ ಮುಂದಿರುವ ತಂಡ ಚೆಂಡು ಹಿಡಿದುಕೊಂಡು ಸಮಯ ಕಳೆಯಬಹುದು. ಕ್ರಿಕೆಟ್‌ನಲ್ಲಿ ಓವರ್ ಮುಗಿಯುತ್ತದೆ, ಮಳೆಯೂ ಬರಬಹುದು. ಟೆನಿಸ್‌ನಲ್ಲಿ ಗಡಿಯಾರ ಯಾರನ್ನೂ ಕಾಪಾಡುವುದಿಲ್ಲ. ಕೊನೆಯ ಪಾಯಿಂಟನ್ನು ಆಡಿಯೇ ಗೆಲ್ಲಬೇಕು.

ಫೋನ್ ಕೆಳಗಿಡಬೇಕಾದ ಐದು ಹೊತ್ತು

1. ಸರ್ವ್ ಮಾಡುವವರು 0–30 ಅಥವಾ 15–30ರಲ್ಲಿರುವಾಗ. ಮುಂದಿನ ಪಾಯಿಂಟ್ ಹೋದರೆ ಬ್ರೇಕ್ ಪಾಯಿಂಟ್ ಬರುತ್ತದೆ. ಏನೋ ಆಗಲಿದೆ ಎಂಬ ಮೊದಲ ಸುಳಿವು ಸಿಗುವುದು ಇಲ್ಲೇ.

2. ಬ್ರೇಕ್ ಪಾಯಿಂಟ್. 30–40, 15–40, 0–40 ಅಥವಾ ಸರ್ವ್ ಸ್ವೀಕರಿಸುವವರಿಗೆ ಅಡ್ವಾಂಟೇಜ್ ಇರುವಾಗ. ಅರ್ಧ ಗಂಟೆಯಲ್ಲಿ ಇಂಥ ಪಾಯಿಂಟ್ ಒಂದೋ ಎರಡೋ ಬರಬಹುದು, ಅದರಲ್ಲೇ ಸೆಟ್ ತೀರ್ಮಾನ ಆಗಿಬಿಡಬಹುದು.

3. ಬ್ರೇಕ್ ಆದ ಮರುಗೇಮ್. ಬ್ರೇಕ್ ಸಾಧಿಸಿದವರು ಈಗ ತಮ್ಮ ಸರ್ವ್ ಉಳಿಸಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಸಂಭ್ರಮದಲ್ಲಿ ಮೈಮರೆತು ಅಲ್ಲೇ ಕಳೆದುಕೊಳ್ಳುವುದು ಬಹಳ ಸಾಮಾನ್ಯ.

4. 4–5 ಅಥವಾ 5–6ರಲ್ಲಿ ಹಿಂದಿರುವವರು ಸರ್ವ್ ಮಾಡುವಾಗ. ಈ ಗೇಮ್ ಹೋದರೆ ಸೆಟ್ ಹೋಯಿತು. ಅದುವರೆಗೆ ಚೆನ್ನಾಗಿ ಬೀಳುತ್ತಿದ್ದ ಸರ್ವ್ ಇಲ್ಲಿ ನೆಟ್‌ಗೆ ಬಡಿಯತೊಡಗುತ್ತದೆ. ಸೆಟ್ ಅಥವಾ ಪಂದ್ಯ ಮುಗಿಸಲೆಂದೇ ಸರ್ವ್ ಮಾಡುವವರ ಕೈಯೂ ನಡುಗುತ್ತದೆ. 2019ರಲ್ಲಿ ಐದನೇ ಸೆಟ್ 8–7, ಫೆಡರರ್ ಸರ್ವ್, ಸ್ಕೋರ್ 40–15. ಪ್ರಶಸ್ತಿಗೆ ಒಂದು ಪಾಯಿಂಟ್ ಸಾಕಿತ್ತು, ಅವಕಾಶ ಎರಡಿದ್ದವು. ಎರಡೂ ಹೋದವು, ಗೇಮ್ ಕೂಡ ಹೋಯಿತು.

5. ಟೈಬ್ರೇಕರ್. ಏಳು ಪಾಯಿಂಟ್ ಮೊದಲು ಗಳಿಸಿದವರಿಗೆ ಸೆಟ್, ಅಂತರ ಎರಡಿರಬೇಕು. ಮೊದಲು ಒಬ್ಬರು ಒಂದು ಪಾಯಿಂಟ್‌ಗೆ ಸರ್ವ್ ಮಾಡುತ್ತಾರೆ, ಆಮೇಲೆ ಎರಡೆರಡು ಪಾಯಿಂಟ್‌ಗೆ ಸರ್ವ್ ಬದಲಾಗುತ್ತದೆ. ಇಲ್ಲಿ ಫೋನ್ ಮುಟ್ಟಲೇಬೇಡಿ.

ಹಾಗಾದರೆ ಚಹಾ ಮಾಡುವುದು ಯಾವಾಗ? ಸೆಟ್‌ನ ಮೂರನೇ, ಐದನೇ, ಏಳನೇ, ಹೀಗೆ ಬೆಸ ಸಂಖ್ಯೆಯ ಗೇಮ್ ಮುಗಿದಾಗ ಆಟಗಾರರು ಬದಿ ಬದಲಿಸುತ್ತಾರೆ, 90 ಸೆಕೆಂಡ್ ಬಿಡುವು ಇರುತ್ತದೆ. ಮೊದಲ ಗೇಮ್ ಬಳಿಕ ಬದಿ ಬದಲಾದರೂ ಕೂರುವಂತಿಲ್ಲ. ಸೆಟ್ ಮುಗಿದಾಗ ಎರಡು ನಿಮಿಷ. ಹಾಲು ಒಲೆ ಮೇಲಿಡಲು ಇಷ್ಟು ಸಾಕು.

ಮುಗಿಯದ ಪಂದ್ಯಗಳ ಕಥೆ

ಟೈಬ್ರೇಕರ್ ಮೊದಲಿನಿಂದಲೂ ಇರಲಿಲ್ಲ. ವಿಂಬಲ್ಡನ್ ಶುರುವಾದದ್ದು 1877ರಲ್ಲಿ, ಟೈಬ್ರೇಕರ್ ಬಂದದ್ದು 1971ರಲ್ಲಿ. ಆಗ 8–8 ಆದಾಗ ಆಡಿಸುತ್ತಿದ್ದರು, 1979ರಿಂದ 6–6ಕ್ಕೆ ಇಳಿಸಿದರು. ಆದರೆ ಕೊನೆಯ ಸೆಟ್‌ಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಅಲ್ಲಿ ಎರಡು ಗೇಮ್ ಅಂತರ ಬರುವವರೆಗೆ ಆಡುತ್ತಲೇ ಇರಬೇಕಿತ್ತು.

ಅದರ ಪರಿಣಾಮ 2010ರಲ್ಲಿ ಕಂಡಿತು. ಅಮೆರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸ್‌ನ ನಿಕೊಲಾ ಮಹು ಮೊದಲ ಸುತ್ತಿನಲ್ಲಿ ಮೂರು ದಿನ ಆಡಿದರು. ಒಟ್ಟು 11 ಗಂಟೆ 5 ನಿಮಿಷ. ಐದನೇ ಸೆಟ್‌ನ ಸ್ಕೋರ್ 70–68. ಗೆದ್ದ ಇಸ್ನರ್‌ಗೆ ಮುಂದಿನ ಸುತ್ತಿನಲ್ಲಿ ಆಡಲು ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ, ನೇರ ಸೆಟ್‌ಗಳಿಂದ ಸೋತರು. ಅವರಿಬ್ಬರ ಪಂದ್ಯ ನಡೆದ 18ನೇ ಅಂಕಣದಲ್ಲಿ ಈಗ ಅದರ ಸ್ಮರಣಾರ್ಥ ಫಲಕವಿದೆ.

2019ರಲ್ಲಿ ಕೊನೆಯ ಸೆಟ್ 12–12 ಆದರೆ ಟೈಬ್ರೇಕರ್ ಎಂಬ ನಿಯಮ ತಂದರು. ಆ ವರ್ಷದ ಫೈನಲ್ಲೇ ಅದಕ್ಕೆ ಪರೀಕ್ಷೆಯಾಯಿತು, 13–12 ಎಂಬ ಸ್ಕೋರ್ ಬಂದದ್ದು ಹೀಗೆ. 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಒಂದೇ ನಿಯಮ: ಕೊನೆಯ ಸೆಟ್ 6–6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕರ್. ಹಳೆಯ ಪಂದ್ಯಗಳ ಮಾತು ಬಂದಾಗ ಇದು ನೆನಪಿರಲಿ. 2008ರ ಫೈನಲ್‌ನಲ್ಲಿ ರಫೇಲ್ ನಡಾಲ್ ಐದನೇ ಸೆಟ್‌ನಲ್ಲಿ 9–7ರಿಂದ ಫೆಡರರ್ ಅವರನ್ನು ಮಣಿಸಿದರು. ಇಂದಿನ ನಿಯಮದಲ್ಲಿ ಆ ಸ್ಕೋರ್ ಬರುವುದೇ ಇಲ್ಲ.

ಹುಲ್ಲು ಏಕೆ ಮುಖ್ಯ?

ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಹುಲ್ಲಿನ ಮೇಲೆ ನಡೆಯುವುದು ಈಗ ವಿಂಬಲ್ಡನ್ ಒಂದೇ. ಆಸ್ಟ್ರೇಲಿಯಾ ಓಪನ್ ಮತ್ತು ಅಮೆರಿಕ ಓಪನ್ ಹಾರ್ಡ್ ಕೋರ್ಟ್‌ನಲ್ಲಿ, ಫ್ರೆಂಚ್ ಓಪನ್ ಕೆಂಪು ಮಣ್ಣಿನ ಅಂಕಣದಲ್ಲಿ ನಡೆಯುತ್ತವೆ. ವಿಂಬಲ್ಡನ್ ಹುಲ್ಲನ್ನು 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಇಲ್ಲಿ ಚೆಂಡು ನೆಲಕ್ಕೆ ಬಿದ್ದು ಜಾರಿ, ತಗ್ಗಿನಲ್ಲೇ ನುಗ್ಗಿ ಬರುತ್ತದೆ. ಮಣ್ಣಿನಲ್ಲಿ ಎದೆಯೆತ್ತರಕ್ಕೆ ಪುಟಿಯುವ ಚೆಂಡು ಇಲ್ಲಿ ಮೊಣಕಾಲಿನ ಹತ್ತಿರ ಸಿಗುತ್ತದೆ. ಬಗ್ಗಿ ಆಡಲು ಬರಬೇಕು, ಬೇಗ ನಿರ್ಧರಿಸಬೇಕು.

2001ರಲ್ಲಿ ಹುಲ್ಲಿನ ಮಿಶ್ರಣ ಬದಲಿಸಿ ಪೂರ್ತಿ ರೈ ಹುಲ್ಲು ಹಾಕಿದರು. ಅಂಕಣ ಗಟ್ಟಿಯಾಯಿತು, ಚೆಂಡು ಮೊದಲಿಗಿಂತ ಚೆನ್ನಾಗಿ ಪುಟಿಯತೊಡಗಿತು. ಪೀಟ್ ಸಾಂಪ್ರಾಸ್ ಕಾಲದಂತೆ ಸರ್ವ್ ಮಾಡಿ ನೆಟ್‌ಗೆ ಓಡುವ ಆಟ ಈಗ ಅಪರೂಪವಾಗಲು ಇದೂ ಒಂದು ಕಾರಣ.

ಟಿ.ವಿಯಲ್ಲಿ ಒಂದು ವಿಷಯ ಗಮನಿಸಿ. ಮೊದಲ ದಿನ ಅಂಕಣ ಪೂರ್ತಿ ಹಸಿರು. ಹಸಿ ಹುಲ್ಲು ಜಾರುವುದರಿಂದ ಮೊದಲೆರಡು ದಿನ ಆಟಗಾರರು ಬೀಳುವುದು ಹೆಚ್ಚು. ಎರಡನೇ ವಾರದ ಹೊತ್ತಿಗೆ ಬೇಸ್‌ಲೈನ್ ಉದ್ದಕ್ಕೂ ಹುಲ್ಲು ಸವೆದು ಮಣ್ಣು ಕಾಣುತ್ತದೆ. ಫೈನಲ್ ಆಡುವ ಅಂಕಣ ಮೊದಲ ದಿನದ ಅಂಕಣವಲ್ಲ.

ಎರಡು ವಾರ, ಏಳು ಸುತ್ತು

ಸಿಂಗಲ್ಸ್‌ನಲ್ಲಿ 128 ಆಟಗಾರರು. ಪ್ರತಿ ಸುತ್ತಿಗೂ ಅರ್ಧ ಮಂದಿ ಮನೆಗೆ. ಏಳು ಪಂದ್ಯ ಗೆದ್ದವರು ಚಾಂಪಿಯನ್. 32 ಮಂದಿಗೆ ಶ್ರೇಯಾಂಕ ಕೊಡುತ್ತಾರೆ, ಅವರು ಮೂರನೇ ಸುತ್ತಿಗೆ ಮೊದಲು ಪರಸ್ಪರ ಎದುರಾಗುವುದಿಲ್ಲ. ಮೊದಲ ಎರಡು ಶ್ರೇಯಾಂಕದವರು ಮುಖಾಮುಖಿ ಆಗುವುದಿದ್ದರೆ ಅದು ಫೈನಲ್‌ನಲ್ಲೇ.

ಶ್ರೇಯಾಂಕ ಇಲ್ಲದವರು ಗೆಲ್ಲುವುದಿಲ್ಲ ಎಂದಲ್ಲ. 1985ರಲ್ಲಿ 17 ವರ್ಷದ ಬೋರಿಸ್ ಬೆಕರ್ ಗೆದ್ದರು. 2001ರಲ್ಲಿ 125ನೇ ರ‍್ಯಾಂಕ್‌ನ ಗೊರಾನ್ ಇವಾನಿಸೆವಿಚ್ ವೈಲ್ಡ್ ಕಾರ್ಡ್ ಪಡೆದು ಬಂದು ಗೆದ್ದರು. 2023ರಲ್ಲಿ ಮಾರ್ಕೆಟಾ ವೊಂಡ್ರುಸೋವಾ ಶ್ರೇಯಾಂಕವಿಲ್ಲದೆ ಮಹಿಳೆಯರ ಪ್ರಶಸ್ತಿ ಎತ್ತಿದರು.

ಟೂರ್ನಿ ಜೂನ್ ಕೊನೆ ಅಥವಾ ಜುಲೈ ಆರಂಭದಲ್ಲಿ ಶುರು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. 2025ರ ವೇಳಾಪಟ್ಟಿ ಭಾರತೀಯ ಕಾಲಮಾನದಲ್ಲಿ ಹೀಗಿತ್ತು:

ಹೊರ ಅಂಕಣಗಳು: ಮಧ್ಯಾಹ್ನ 3.30ರಿಂದ
ಒಂದನೇ ನಂಬರ್ ಅಂಕಣ: ಸಂಜೆ 5.30ರಿಂದ
ಸೆಂಟರ್ ಕೋರ್ಟ್: ಸಂಜೆ 6ರಿಂದ
ಸಿಂಗಲ್ಸ್ ಫೈನಲ್: ರಾತ್ರಿ 8.30ರಿಂದ

ಲಂಡನ್ ಸಮಯ ರಾತ್ರಿ 11ರ ನಂತರ ಅಲ್ಲಿ ಆಟ ಇಲ್ಲ. ಎಂದರೆ ನಮಗೆ ಎಷ್ಟೇ ತಡವಾದರೂ ಬೆಳಗಿನ ಜಾವ 3.30. ಉಳಿದ ಗ್ರ್ಯಾನ್‌ಸ್ಲಾಮ್‌ಗಳಿಗೆ ಹೋಲಿಸಿದರೆ ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲದ ಟೂರ್ನಿ. ಜನವರಿಯ ಆಸ್ಟ್ರೇಲಿಯಾ ಓಪನ್ ನಮ್ಮ ನಸುಕಿನಲ್ಲೇ ಶುರುವಾಗುತ್ತದೆ. ಅಮೆರಿಕ ಓಪನ್‌ನ ರಾತ್ರಿ ಪಂದ್ಯಗಳು ನಮಗೆ ಬೆಳಗಿನ ಜಾವ 4.30ಕ್ಕೆ. ಫ್ರೆಂಚ್ ಓಪನ್ ಮಾತ್ರ ಮಧ್ಯಾಹ್ನ 2.30ಕ್ಕೆ.

ಮಳೆ ಬಂದರೆ? ಸೆಂಟರ್ ಕೋರ್ಟ್‌ಗೆ 2009ರಲ್ಲಿ, ಒಂದನೇ ನಂಬರ್ ಅಂಕಣಕ್ಕೆ 2019ರಲ್ಲಿ ಮುಚ್ಚುವ ಚಾವಣಿ ಬಂತು. ಉಳಿದ ಅಂಕಣಗಳಲ್ಲಿ ಹೊದಿಕೆ ಎಳೆದು ಕಾಯಬೇಕು.

ನಮ್ಮವರು ಆಡಿದ ವಿಂಬಲ್ಡನ್

ಈ ಟೂರ್ನಿಯ ಬಗ್ಗೆ ಹರಟುವಾಗ ಹೇಳಿಕೊಳ್ಳಲು ನಮಗೂ ಸಾಕಷ್ಟು ಇದೆ. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ಸೆಮಿಫೈನಲ್ ತಲುಪಿದ್ದರು. ಎರಡೂ ಸಲ ಅವರನ್ನು ಸೋಲಿಸಿದವರೇ, ನೀಲ್ ಫ್ರೇಸರ್ ಮತ್ತು ರಾಡ್ ಲೇವರ್, ಚಾಂಪಿಯನ್ ಆದರು. ವಿಜಯ್ ಅಮೃತ್‌ರಾಜ್ 1973 ಮತ್ತು 1981ರಲ್ಲಿ ಎಂಟರ ಘಟ್ಟ ತಲುಪಿದರು. 1981ರಲ್ಲಿ ಜಿಮ್ಮಿ ಕಾನರ್ಸ್ ವಿರುದ್ಧ ಮೊದಲ ಎರಡು ಸೆಟ್ ಗೆದ್ದಿದ್ದರು, ಕೊನೆಗೆ ಐದು ಸೆಟ್‌ಗಳಲ್ಲಿ ಸೋತರು. ಎರಡು ಸೆಟ್ ಮುನ್ನಡೆಯೂ ಸಾಲದು ಎಂಬುದಕ್ಕೆ ನಮ್ಮದೇ ಉದಾಹರಣೆ.

ಗೆಲುವು ಹೆಚ್ಚು ಬಂದದ್ದು ಡಬಲ್ಸ್‌ನಲ್ಲಿ. 1999ರಲ್ಲಿ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. 2015ರಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ಜೊತೆ ಮಹಿಳೆಯರ ಡಬಲ್ಸ್ ಗೆದ್ದರು. ಫೈನಲ್‌ನ ಮೂರನೇ ಸೆಟ್‌ನಲ್ಲಿ ಅವರು 2–5ರಿಂದ ಹಿಂದಿದ್ದರು, ಅಲ್ಲಿಂದ 7–5ಕ್ಕೆ ತಂದರು. ಅದೇ ವರ್ಷ ಪೇಸ್ ಮಿಶ್ರ ಡಬಲ್ಸ್ ಮತ್ತು ಸುಮಿತ್ ನಗಾಲ್ ಬಾಲಕರ ಡಬಲ್ಸ್ ಗೆದ್ದರು.

ಕನ್ನಡಿಗರಿಗೆ ಹತ್ತಿರದ ಹೆಸರು ಕೊಡಗಿನ ರೋಹನ್ ಬೋಪಣ್ಣ. ವಿಂಬಲ್ಡನ್ ಪುರುಷರ ಡಬಲ್ಸ್‌ನಲ್ಲಿ 2013, 2015 ಮತ್ತು 2023ರಲ್ಲಿ ಸೆಮಿಫೈನಲ್ ತನಕ ಬಂದರು. ಫೈನಲ್ ಮಾತ್ರ ಒಲಿಯಲಿಲ್ಲ. ಆದರೆ 2024ರ ಆಸ್ಟ್ರೇಲಿಯಾ ಓಪನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಪ್ರಶಸ್ತಿ ಗೆದ್ದರು, ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಅಗ್ರಸ್ಥಾನಕ್ಕೇರಿದರು. ಆಗ ಅವರ ವಯಸ್ಸು 43. 2025ರ ನವೆಂಬರ್‌ನಲ್ಲಿ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು.

ಡಬಲ್ಸ್ ನೋಡುವಾಗ ಚೆಂಡನ್ನಷ್ಟೇ ನೋಡಬೇಡಿ. ನೆಟ್ ಹತ್ತಿರ ನಿಂತ ಆಟಗಾರನ ಮೇಲೆ ಕಣ್ಣಿಡಿ. ಸರ್ವ್ ಬೀಳುವ ಮೊದಲು ಬೆನ್ನ ಹಿಂದೆ ಬೆರಳಿನ ಸನ್ನೆ ಮಾಡಿ ತಾನು ಯಾವ ಕಡೆ ಹಾರುತ್ತೇನೆಂದು ಜೊತೆಗಾರನಿಗೆ ತಿಳಿಸುತ್ತಿರುತ್ತಾರೆ. ಪಂದ್ಯ ಬೇಗ ಮುಗಿಯುತ್ತದೆ ಎಂಬುದೂ ಅನುಕೂಲ. 2023ರಿಂದ ವಿಂಬಲ್ಡನ್ ಪುರುಷರ ಡಬಲ್ಸ್ ಕೂಡ ಮೂರು ಸೆಟ್‌ಗಳದ್ದು.

ಗ್ರೂಪ್‌ನಲ್ಲಿ ಹರಟುವಾಗ

ಅಕ್ಕ ಪುಣೆಯಲ್ಲಿ, ಭಾವ ಚೆನ್ನೈನಲ್ಲಿ, ಚಿಕ್ಕಪ್ಪ ಮೈಸೂರಿನಲ್ಲಿ, ನೀವು ದೆಹಲಿಯಲ್ಲಿ. ಎಲ್ಲರೂ ಒಂದೇ ಪಂದ್ಯ ನೋಡುತ್ತಿದ್ದೀರಿ, ಆದರೆ ಒಂದೇ ಕ್ಷಣದಲ್ಲಿ ಅಲ್ಲ. ಮೊಬೈಲ್‌ನಲ್ಲಿ ಸ್ಟ್ರೀಮಿಂಗ್ ಟಿ.ವಿ ಪ್ರಸಾರಕ್ಕಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ, ಸ್ಕೋರ್ ಆ್ಯಪ್ ಹಲವು ಸಲ ಎರಡಕ್ಕಿಂತಲೂ ಮುಂದಿರುತ್ತದೆ. ಚಿಕ್ಕಪ್ಪನ 'ಅಯ್ಯೋ!' ಬಂದಾಗ ನಿಮ್ಮ ಪರದೆಯಲ್ಲಿ ಇನ್ನೂ ಸರ್ವ್ ಕೂಡ ಆಗಿರುವುದಿಲ್ಲ. ಟೈಬ್ರೇಕರ್ ಹೊತ್ತಲ್ಲಿ ಎಲ್ಲರೂ ಬರೆಯುವುದು ನಿಲ್ಲಿಸಿ, ಸೆಟ್ ಮುಗಿದ ಮೇಲೆ ಮಾತಾಡುವುದು ಒಳ್ಳೆಯದು.

ಇನ್ನು ಪದೇಪದೇ ಏಳುವ ಮೂರು ಚರ್ಚೆಗಳು.

ಯಾರು ಶ್ರೇಷ್ಠ? ವಿಂಬಲ್ಡನ್ ಒಂದನ್ನೇ ತೆಗೆದುಕೊಂಡರೆ ಪುರುಷರಲ್ಲಿ ಫೆಡರರ್ ಎಂಟು ಬಾರಿ, ಸಾಂಪ್ರಾಸ್ ಮತ್ತು ಜೊಕೊವಿಚ್ ಏಳು ಬಾರಿ ಗೆದ್ದಿದ್ದಾರೆ. ಮಹಿಳೆಯರಲ್ಲಿ ಮಾರ್ಟಿನಾ ನವ್ರಾಟಿಲೋವಾ ಒಂಬತ್ತು ಬಾರಿ. ನಾಲ್ಕೂ ಗ್ರ್ಯಾನ್‌ಸ್ಲಾಮ್ ಸೇರಿಸಿದರೆ 2025ರ ಕೊನೆಗೆ ಜೊಕೊವಿಚ್ 24, ನಡಾಲ್ 22, ಫೆಡರರ್ 20. ಹುಲ್ಲಿನಲ್ಲಿ ಒಬ್ಬರು, ಒಟ್ಟು ಲೆಕ್ಕದಲ್ಲಿ ಇನ್ನೊಬ್ಬರು. ಯಾವುದನ್ನು ಅಳತೆ ಮಾಡುತ್ತಿದ್ದೀರಿ ಎಂದು ಮೊದಲೇ ಹೇಳಿಬಿಟ್ಟರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಮಹಿಳೆಯರದು ಮೂರೇ ಸೆಟ್, ಬಹುಮಾನ ಸಮ ಏಕೆ? ವಿಂಬಲ್ಡನ್ 2007ರಿಂದ ಸಮಾನ ಬಹುಮಾನ ಕೊಡುತ್ತಿದೆ. ಹಣ ಕೊಡುವುದು ಗಂಟೆ ಲೆಕ್ಕದಲ್ಲಿ ಅಲ್ಲ. ಹಾಗಿದ್ದರೆ ನೇರ ಸೆಟ್‌ಗಳಿಂದ ಬೇಗ ಗೆದ್ದವರಿಗೆ ಕಡಿಮೆ ಕೊಡಬೇಕಾಗುತ್ತಿತ್ತು.

ಲೈನ್ ತೀರ್ಪುಗಾರರು ಎಲ್ಲಿ ಹೋದರು? 2025ರಿಂದ ವಿಂಬಲ್ಡನ್‌ನಲ್ಲಿ ಚೆಂಡು ಒಳಗೋ ಹೊರಗೋ ಎಂದು ಯಂತ್ರವೇ ಕೂಗಿ ಹೇಳುತ್ತದೆ. ಮೊದಲ ವರ್ಷವೇ ಸೆಂಟರ್ ಕೋರ್ಟ್‌ನಲ್ಲಿ ಎಡವಟ್ಟಾಯಿತು. ಅನಸ್ತೇಸಿಯಾ ಪಾವ್ಲ್ಯುಚೆಂಕೋವಾ ಮತ್ತು ಸೋನಯ್ ಕಾರ್ಟಲ್ ಪಂದ್ಯದಲ್ಲಿ ಸಿಬ್ಬಂದಿಯ ತಪ್ಪಿನಿಂದ ವ್ಯವಸ್ಥೆ ಕೆಲಹೊತ್ತು ಆಫ್ ಆಗಿತ್ತು. ಹೊರಗೆ ಬಿದ್ದ ಚೆಂಡನ್ನು ಅದು ಹಿಡಿಯಲಿಲ್ಲ, ಪಾಯಿಂಟನ್ನು ಮತ್ತೆ ಆಡಿಸಿದರು. ಗೆಲ್ಲಬೇಕಿದ್ದ ಗೇಮ್ ಪಾವ್ಲ್ಯುಚೆಂಕೋವಾ ಕೈತಪ್ಪಿತು. ಆದರೂ ಅವರು ಆ ಸೆಟ್ಟನ್ನೂ ಪಂದ್ಯವನ್ನೂ ಗೆದ್ದರು.

ಪಂದ್ಯ ಮುಗಿದ ಮೇಲೆ ಇನ್ನೈದು ನಿಮಿಷ

ಕೊನೆಯ ಪಾಯಿಂಟ್ ಬಿದ್ದೊಡನೆ ಚಾನೆಲ್ ಬದಲಿಸಬೇಡಿ. ಫೈನಲ್ ಸೋತವರು ಅಲ್ಲೇ, ಅದೇ ಅಂಕಣದಲ್ಲಿ, ಸಾವಿರಾರು ಜನರ ಮುಂದೆ ನಿಂತು ಮಾತಾಡಬೇಕು. ಟೆನಿಸ್‌ನಲ್ಲಿ ಸೋಲನ್ನು ಹಂಚಿಕೊಳ್ಳಲು ಹತ್ತು ಮಂದಿ ಸಹ ಆಟಗಾರರು ಇರುವುದಿಲ್ಲ.

2025ರ ಜುಲೈ 12ರಂದು ಮಹಿಳೆಯರ ಫೈನಲ್‌ನಲ್ಲಿ ಅಮಾಂಡಾ ಅನಿಸಿಮೋವಾ ಒಂದು ಗೇಮ್ ಕೂಡ ಗೆಲ್ಲಲಾಗಲಿಲ್ಲ. ಇಗಾ ಶ್ವಾಂಟೆಕ್ 6–0, 6–0ಯಿಂದ 57 ನಿಮಿಷಗಳಲ್ಲಿ ಪಂದ್ಯ ಮುಗಿಸಿದರು. ಅನಿಸಿಮೋವಾ ಅಳುತ್ತಲೇ ಮಾತಾಡಿದರು. ಎರಡು ತಿಂಗಳೂ ಕಳೆದಿರಲಿಲ್ಲ, ಅಮೆರಿಕ ಓಪನ್ ಎಂಟರ ಘಟ್ಟದಲ್ಲಿ ಅದೇ ಶ್ವಾಂಟೆಕ್ ಎದುರಾದರು. ಈ ಸಲ ಅನಿಸಿಮೋವಾ 6–4, 6–3ರಿಂದ ಗೆದ್ದರು.

ಅದೇ ವರ್ಷ ಜೂನ್ 8ರಂದು ಫ್ರೆಂಚ್ ಓಪನ್ ಫೈನಲ್‌ನಲ್ಲಿ ಯಾನಿಕ್ ಸಿನ್ನರ್ ಪ್ರಶಸ್ತಿಗೆ ಒಂದು ಪಾಯಿಂಟ್ ದೂರದಲ್ಲಿ ಮೂರು ಸಲ ನಿಂತಿದ್ದರು. ಮೂರನ್ನೂ ಕಾರ್ಲೋಸ್ ಅಲ್ಕರಾಜ್ ಉಳಿಸಿಕೊಂಡು, 5 ಗಂಟೆ 29 ನಿಮಿಷಗಳ ಹೋರಾಟದಲ್ಲಿ ಗೆದ್ದರು. ಸರಿಯಾಗಿ ಐದು ವಾರಗಳ ನಂತರ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಇಬ್ಬರು. ಮೊದಲ ಸೆಟ್ ಅಲ್ಕರಾಜ್ ಗೆದ್ದಾಗ ಇದೂ ಹಾಗೇ ಆಗುತ್ತದೆ ಎಂದುಕೊಂಡು ಟಿ.ವಿ ಆರಿಸಿದವರಿಗೆ ನಷ್ಟವಾಯಿತು. ಮುಂದಿನ ಮೂರು ಸೆಟ್‌ಗಳನ್ನೂ 6–4ರಿಂದ ಗೆದ್ದು ಸಿನ್ನರ್ ಚಾಂಪಿಯನ್ ಆದರು.

ಈ ಬಾರಿ ವಿಂಬಲ್ಡನ್ ಶುರುವಾದಾಗ ಯಾವ ಪಂದ್ಯ ನೋಡಬೇಕು ಎಂದು ಹುಡುಕುತ್ತ ಕೂರಬೇಡಿ. ಮೊದಲ ದಿನ ಸಂಜೆ ಆರಕ್ಕೆ ಸೆಂಟರ್ ಕೋರ್ಟ್‌ನಲ್ಲಿ ಯಾರಿದ್ದರೂ ಸರಿ, ಹಚ್ಚಿಡಿ. ನಿಮ್ಮ ಕೆಲಸ ಮಾಡಿಕೊಳ್ಳುತ್ತಿರಿ. 'ಹದಿನೈದು–ಮೂವತ್ತು' ಎಂದು ಅಂಪೈರ್ ಹೇಳಿದ್ದು ಕಿವಿಗೆ ಬಿದ್ದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಬನ್ನಿ.